ಬರೆದುಕೊಟ್ಟ ದಿನ

"ಇವನನ್ನ ಒಳಗೆ ಹಾಕಿ ಸಾರ್," ಎಂದಳು ಸುಭದ್ರಮ್ಮ. ತಮ್ಮ ಚಿದಂಬರ ಪಕ್ಕದ ಕುರ್ಚಿಯಲ್ಲೇ ಕೂತಿದ್ದ. ಅವನು ಸೈಟು ಕೊಡುತ್ತೇನೆಂದು ಕರಾರು ಬರೆದುಕೊಟ್ಟಿದ್ದನ್ನು ನಂಬಿ, ಅವಳು ಇದ್ದೊಂದು ಮನೆಯನ್ನೂ ಮಾರಿ ಹಣ ಕೊಟ್ಟಿದ್ದಳು. ಎರಡು ವರ್ಷವಾದರೂ ನೋಂದಣಿಯಾಗಿರಲಿಲ್ಲ.

"ಮಾತು ತಪ್ಪಿದ್ದಕ್ಕೆಲ್ಲ ಜೈಲಿಲ್ಲಮ್ಮ," ಎಂದರು ಸಬ್ ಇನ್ಸ್‌ಪೆಕ್ಟರ್. "ಬರೆದುಕೊಟ್ಟ ದಿನವೇ ಮೋಸದ ಬುದ್ಧಿ ಇದ್ದಿದ್ರೆ ಮಾತ್ರ ಕ್ರಿಮಿನಲ್ ಕೇಸು."

"ಆವತ್ತು ಮೋಸ ಇರಲಿಲ್ಲ ಬಿಡಿ. ದೇವರ ಮುಂದೆ ಸಹಿ ಹಾಕಿ ನನ್ನ ಕಾಲಿಗೆ ಬಿದ್ದ. ಅಮ್ಮ ಹೋದಾಗ ಎಂಟು ತಿಂಗಳ ಕೂಸು ಸಾರ್, ಎತ್ತಿ ಸಾಕಿದ್ದು ನಾನು."

"ನಾನೂ ಅದೇ ಹೇಳ್ತಿರೋದು," ಎಂದು ತಮ್ಮ ನಕ್ಕ. "ಅಕ್ಕನಿಗೆ ಎಲ್ಲಾದಕ್ಕೂ ಅವಸರ."

ಸಬ್ ಇನ್ಸ್‌ಪೆಕ್ಟರ್ ನೋಂದಣಿ ಕಚೇರಿಯಿಂದ ತರಿಸಿದ್ದ ಕಾಗದವನ್ನು ಅವಳ ಮುಂದಿಟ್ಟರು. ಕರಾರಿಗೆ ಮೂರು ತಿಂಗಳ ಮೊದಲೇ ಚಿದಂಬರ ಆ ಸೈಟನ್ನು ಬೇರೆಯವರಿಗೆ ಮಾರಿದ್ದ.

ತಮ್ಮನ ನಗು ನಿಂತಿತು. ಸುಭದ್ರಮ್ಮ ತಾರೀಕನ್ನು ಎರಡು ಸಲ ಓದಿದಳು.

"ಈಗ ಒಳಗೆ ಹಾಕಬಹುದು. ಒಂದೇ ಪ್ರಶ್ನೆ ಅಮ್ಮ. ಮಾರಿರೋ ಸೈಟು ಅಂತ ಗೊತ್ತಿದ್ದೂ ದುಡ್ಡು ಕೊಟ್ಟಿದ್ರೆ ಕೇಸು ನಿಲ್ಲಲ್ಲ. ನಿಮಗೆ ಗೊತ್ತಿರಲಿಲ್ಲ, ಅಲ್ವಾ?"

"ಅಕ್ಕಾ..." ಎಂದ ಚಿದಂಬರ.

ಅವಳು ಅವನ ಕಡೆ ತಿರುಗಲಿಲ್ಲ.

"ಗೊತ್ತಿತ್ತು ಸಾರ್," ಎಂದಳು.