ಇನ್ನೊಂದು ಸೌಟು

ಕಲ್ಲಿನ ಗಣಿ ಕೂಲಿಕಾರರ ಓಣಿ. ಅಲ್ಲೊಂದು ಪುಟ್ಟ ಅಂಗನವಾಡಿ...

ಅಲ್ಲಿನ ಕಸ್ತೂರಿ ಟೀಚರ್ ಬಾಯಿ ಜೋರು, ಮನಸ್ಸು ಬೆಣ್ಣೆ. ಮಧ್ಯಾಹ್ನ ಗರ್ಭಿಣಿಯರನ್ನು ಸಾಲಾಗಿ ಕೂರಿಸಿ, ಕಣ್ಣೆದುರೇ ಊಟ ಮಾಡಿಸುವುದು ಅವರ ಕೆಲಸ.

ಅವರಿಗೆ ಏಳು ತಿಂಗಳ ಬಸುರಿ ಜಗದೇವಿಯದೇ ಚಿಂತೆ. ಟೆಸ್ಟ್‌ನಲ್ಲಿ ರಕ್ತ ತೀರಾ ಕಡಿಮೆ ಬಂದಿತ್ತು. ಆದರೂ ಅರ್ಧ ಊಟಕ್ಕೇ "ಸಾಕು" ಎಂದು ಎದ್ದುಬಿಡುತ್ತಿದ್ದಳು...

ಜೊತೆಗೆ ದಿನಾ ಅತ್ತೆ ಸಾಬವ್ವ ಬರುತ್ತಿದ್ದಳು. ಎದುರಿಗೆ ಕೂತು ಸೊಸೆಯ ತಟ್ಟೆಯನ್ನೇ ನೋಡುತ್ತಿದ್ದಳು.

ಈ ಮುದುಕಿಯ ಹೆದರಿಕೆಗೇ ಹುಡುಗಿ ಉಣ್ಣುತ್ತಿಲ್ಲ ಎಂದು ಟೀಚರ್ ತೀರ್ಮಾನಿಸಿಯೇಬಿಟ್ಟರು.

"ಸೊಸಿ ತುತ್ತು ಎಣಸ್ಲಾಕ ಬರ್ತೀಯೇನ್ ಬೇ? ನಾಳಿಂದ ನೀ ಒಳಗ ಬರಬ್ಯಾಡ!"

ಸಾಬವ್ವ ಸೆರಗು ಹೊದ್ದು ಎದ್ದು ಹೊರಗೆ ನಡೆದಳು.

ಮರುದಿನ ಜಗದೇವಿ ಮತ್ತೆ "ಸಾಕು" ಎಂದು ಏಳುವಷ್ಟರಲ್ಲಿ ಕಿಟಕಿಯಿಂದ ದನಿ ಬಂತು...

"ತತ್ತಿ ಹಂಗೇ ಬಿಟ್ಟಿ ನೋಡು! ಇನ್ನೊಂದೀಟು ಅನ್ನ ಹಾಕಿಸ್ಕೊ ನನ್ನವ್ವಾ..."

ಟೀಚರ್ ಹೊರಗೆ ಓಡಿದರು. ಉರಿಬಿಸಿಲಲ್ಲಿ ಕಿಟಕಿಯ ಸರಳು ಹಿಡಿದು ನಿಂತಿದ್ದಳು ಸಾಬವ್ವ.

"ಅಕ್ಕೋರೆ, ಅಕಿ ಅವ್ವ ಫೋನಿನಾಗ ಹೇಳ್ಯಾಳ... ಭಾಳ ಉಂಡ್ರ ಕೂಸು ದಪ್ಪ ಆಗ್ತದ, ಹೆರಿಗಿ ತ್ರಾಸ ಆಗ್ತದ ಅಂತ. ನಾನೂ ನನ್ನ ಮಗಳು ಚಂದಮ್ಮಗ ಹಿಂಗೇ ಹೇಳಿದ್ದೆ..."

"'ಯವ್ವಾ, ಇನ್ನೊಂದು ರೊಟ್ಟಿ ಕೊಡು' ಅಂತ ಕೈ ಚಾಚ್ತಿದ್ಳು. ನಾ ಬುಟ್ಟಿ ಮುಚ್ಚಿಡ್ತಿದ್ದೆ. ಹೆರಿಗಿಗೆ ಹೋದಾಕಿ ತಿರುಗಿ ಬರ್ಲಿಲ್ಲ... ಮೈಯಾಗ ರಕ್ತನೇ ಇದ್ದಿಲ್ಲಂತ."

"ಹನ್ನೊಂದು ವರ್ಷ ಆತು. ಈಗೂ ರೊಟ್ಟಿ ಬಡಿವಾಗ ಅಕಿ ಕೈ ಕಣ್ಣಾಗ ಬರ್ತದ... ಸೊಸಿಗೆ ಹೆಂಗ ಹೇಳ್ಲಿ? ಬಸರಿ ಹುಡುಗಿ, ಹೆದರ್ತಾಳ."

ಟೀಚರಿಗೆ ತಾವಾಡಿದ ಮಾತು ತಮಗೇ ಚುಚ್ಚಿತು.

ಸಾಬವ್ವನ ಕೈ ಹಿಡಿದು ಒಳಗೆ ಕರೆತಂದರು. ಆ ಕೈಗೆ ಸೌಟು ಕೊಟ್ಟರು.

"ತಪ್ಪಾತು ಯವ್ವಾ... ಇನ್ ಮ್ಯಾಲ ನೀವೇ ಬಡಿಸ್ರಿ."

ಬಾಗಿಲಲ್ಲಿ ನಿಂತು ಎಲ್ಲವನ್ನೂ ಕೇಳಿಸಿಕೊಂಡಿದ್ದ ಜಗದೇವಿ ಹೋಗಿ ಮತ್ತೆ ತಟ್ಟೆಯ ಮುಂದೆ ಕೂತಳು. ಅವತ್ತು ಅವಳು "ಸಾಕು" ಎನ್ನಲಿಲ್ಲ.

ಸಾಬವ್ವ ಕಣ್ಣೊರೆಸಿಕೊಳ್ಳುತ್ತ ಸಾಲಿನ ಈ ತುದಿಯಿಂದ ಆ ತುದಿಯವರೆಗೆ ಬಡಿಸಿದಳು. ಸಾಕೆಂದವರಿಗೂ ಇನ್ನೊಂದು ಸೌಟು...

ಯಾರಿಗೆ ಬಡಿಸಲು ಹನ್ನೊಂದು ವರ್ಷದಿಂದ ಆ ಕೈ ಹಂಬಲಿಸುತ್ತಿತ್ತೋ, ಅವಳೊಬ್ಬಳು ಮಾತ್ರ ಆ ಸಾಲಿನಲ್ಲಿ ಇರಲಿಲ್ಲ.

ಗರ್ಭಿಣಿಯ ತಟ್ಟೆಯಲ್ಲಿ ನಾವು ಕಡಿಮೆ ಮಾಡುವ ಒಂದೊಂದು ತುತ್ತೂ ಎರಡು ಜೀವಗಳಿಗೆ ಕಡಿಮೆಯಾಗುತ್ತದೆ.

ನಿಮ್ಮ ಮನೆಯಲ್ಲಿ ಎಲ್ಲರಿಗೂ ಬಡಿಸಿ ಕೊನೆಗೆ ಊಟಕ್ಕೆ ಕೂರುವವಳನ್ನು, "ಹೊಟ್ಟೆ ತುಂಬ ಉಂಡೆಯಾ?" ಎಂದು ನೀವು ಕೇಳಿ ಎಷ್ಟು ದಿನವಾಯಿತು...?