ಥಾರ್ನ್‌ಬಿಗೆ ಮಾತ್ರ ಹೇಳಬೇಡಿ

ಬೆಲ್ ಆದಾಗ ಪಂಕಜಾ ಮಗಳ ಊದಿದ ಪಾದವನ್ನು ಉದ್ದ ಲಂಗದೊಳಗೆ ಮುಚ್ಚುತ್ತಿದ್ದರು.

“ಅವರು ಹೋಗೋವರೆಗೂ ಏಳಬೇಡ. ನಿಂತರೆ ಕುಂಟ್ತೀಯ.”

“ಐ ನೋ, ಅಮ್ಮ,” ಎಂದಳು ನಳಿನಿ.

ನ್ಯೂಯಾರ್ಕಿನ ಬ್ಯಾಲೆ ಮಂದಿಗೆ ಥಾರ್ನ್‌ಬಿ ಎಂದರೆ ದೊಡ್ಡ ಹೆಸರು. ಅವರು ಹೊಸದಾಗಿ ಸಂಯೋಜಿಸುತ್ತಿದ್ದ ಬ್ಯಾಲೆಗೆ ಒಬ್ಬ ಹುಡುಗಿ ಬೇಕಿತ್ತು. ಡ್ಯಾನ್ಸ್ ಟೀಚರು ನಳಿನಿಯ ಹೆಸರು ಹೇಳಿದ್ದೇ ತಡ, ಭಾನುವಾರ ಇವರ ಊರಾದ ಓಲ್ಡ್ ಬ್ರಿಡ್ಜ್‌ಗೆ ಬಂದು, ಮನೆಯವರ ಹತ್ತಿರ ಮಾತಾಡಿ, ಅಲ್ಲೇ ತೀರ್ಮಾನ ಹೇಳುತ್ತೇನೆಂದು ತಿಳಿಸಿದ್ದರು.

ಪಂಕಜಾರ ಗಂಡ ದಿವಾಕರ ಲೈಬ್ರರಿಗೇ ಹೋಗಿ ಆ ಹೆಸರಿನ ಜಾತಕ ತೆಗೆದಿದ್ದರು. “ಅಚ್ಚ ಇಂಗ್ಲಿಷ್ ಮನೆತನ ಕಣೇ. ಥಾರ್ನ್ ಅಂದ್ರೆ ಮುಳ್ಳು, ಬಿ ಅಂದ್ರೆ ಊರು. ನಮ್ಮ ಕಡೆ ಮುಳ್ಳೂರು ಅಂತೀವಲ್ಲ, ಹಾಗೆ.”

ಬಾಗಿಲಲ್ಲಿ ಸೂಟು ತೊಟ್ಟ ಎತ್ತರದ ಬಿಳಿಯ. ಹಿಂದೆ ಕಾರಿನ ಕೀ ಹಿಡಿದು, ಇಳಕಲ್ ಸೀರೆಯ ಮೇಲೆ ಕೋಟು ಹಾಕಿಕೊಂಡ ಹೆಂಗಸು. ದಿವಾಕರ ಆತನನ್ನು ಸೋಫಾದಲ್ಲಿ ಕೂರಿಸಿದರು. 1974ರ ಆ ಊರಲ್ಲಿ ಇಳಕಲ್ ಸೀರೆ ಕಂಡರೆ ಬಿಡುವುದುಂಟೆ? ಪಂಕಜಾ ಹೆಂಗಸಿನ ಕೈಹಿಡಿದು ಒಳಗೆಳೆದರು.

“ನಾನು ಕಮಲಾ...”

“ಆಮೇಲೆ ಹೇಳೀರಂತೆ. ಒಗ್ಗರಣೆ ಸೀದು ಹೋಗುತ್ತೆ.”

ಕಮಲಾ ಒಲೆಯ ಮುಂದೆ ಹಿಮ್ಮಡಿ ಜೋಡಿಸಿ, ಎರಡೂ ಪಾದ ಹೊರಕ್ಕೆ ತಿರುಗಿಸಿ ನಿಂತು ರವೆ ಕೆದಕಿದರು. ಪಾಪ, ಥಾರ್ನ್‌ಬಿಯ ಕಾರು ಓಡಿಸಿ ಓಡಿಸಿ ಕಾಲು ಹೀಗಾಗಿದೆ ಎಂದುಕೊಂಡರು ಪಂಕಜಾ.

“ಹುಡುಗಿ ಯಾಕ್ರಿ ಕುಂತಲ್ಲೇ ಕುಂತಾಳ?”

ಪಂಕಜಾರ ಕಣ್ಣು ತುಂಬಿತು. “ನಮ್ಮವರು ಅಂತ ಹೇಳ್ತೀನಿ. ಬುಧವಾರ ಕಾಲು ಉಳುಕ್ತು. ಈ ಪಾರ್ಟ್ ತಪ್ಪಿದರೆ ಅವಳು ತಡ್ಕೊಳಲ್ಲ ರೀ. ಥಾರ್ನ್‌ಬಿಗೆ ಮಾತ್ರ ಹೇಳಬೇಡಿ.”

“ಅಷ್ಟು ಅಂಜಿಕೇನ್ರಿ?”

“ಹೆಸರಲ್ಲೇ ಮುಳ್ಳಿದೆಯಲ್ಲ. ನೀವು ಹೇಗೆ ಏಗ್ತೀರೋ!”

“ಮದುವಿ ಆದಾಗಿಂದ ಆ ಮುಳ್ಳು ರೂಢಿ ಆಗೇತ್ರಿ.”

ಪಂಕಜಾ ಉಪ್ಪಿಟ್ಟು ತಂದುಕೊಟ್ಟರು. ಬಿಳಿಯ ಎರಡು ತಟ್ಟೆ ಮುಗಿಸಿ, ಮೇಜಿನ ಅಂಚಿನಲ್ಲಿ ಹತ್ತೂ ಬೆರಳು ಆಡಿಸುತ್ತ ಕೂತ. ದಿವಾಕರರಿಗೆ ತಾಳಲಾಗಲಿಲ್ಲ.

“ಮಿಸ್ಟರ್ ಥಾರ್ನ್‌ಬಿ, ಯುವರ್ ಡಿಸಿಷನ್?”

ಆತ ಗಲಿಬಿಲಿಗೊಂಡ. ತಾನು ಬರೀ ಪಿಯಾನೋ ನುಡಿಸುವವನೆಂದೂ, ಥಾರ್ನ್‌ಬಿಯವರನ್ನು ನಿಮ್ಮ ಹೆಂಡತಿಯೇ ಅಡುಗೆಮನೆಗೆ ಕರೆದೊಯ್ದರಲ್ಲಾ ಎಂದೂ ಹೇಳಿದ.

ಕಮಲಾ ಸೆರಗಿಗೆ ಕೈ ಒರೆಸುತ್ತ, ಪಾದ ಹೊರಕ್ಕೆ ತಿರುಗಿಸಿದ ಬ್ಯಾಲೆ ನಡಿಗೆಯಲ್ಲೇ ಬಂದು, ನಳಿನಿಯ ಲಂಗದ ಅಂಚು ಎತ್ತಿ ನೋಡಿದರು. “ಬಾವು ಇಳೀಲಿ, ಆಮ್ಯಾಲ ಬಾ. ಪಾರ್ಟ್ ನಿಂದ. ಥಾರ್ನ್‌ಬಿಗೆ ಹೇಳಬ್ಯಾಡ್ರಿ ಅಂದಾರ ನಿಮ್ಮವ್ವ. ನಾ ಬಾಯಿ ಬಿಡಂಗಿಲ್ಲ.”