ನೂರಕ್ಕೆ ನೂರು ಇ-ಬಿಲ್

“ಬಿಲ್ಲೇ ಬಂದಿಲ್ಲ ಸಾರ್. ಬೆಳಿಗ್ಗೆ ಬಂದು ಫ್ಯೂಸ್ ಕಿತ್ಕೊಂಡು ಹೋದ್ರು,” ಎಂದಳು ಟೈಲರ್ ಹೆಂಗಸು. ನಲವತ್ತು ಜೊತೆ ಶಾಲಾ ಸಮವಸ್ತ್ರ ನಾಳೆ ಬೆಳಗಾಗುವುದರೊಳಗೆ ಕೊಡದಿದ್ದರೆ ವರ್ಷದ ಕೆಲಸವೇ ಕೈತಪ್ಪುತ್ತಿತ್ತು. ಅವಳ ಹೊಲಿಗೆ ಯಂತ್ರ ಕರೆಂಟಿನದು.

ವಿದ್ಯುತ್ ಕಂಪನಿಯ ಹೆಡ್ ಗುಮಾಸ್ತರು ಕಂಪ್ಯೂಟರಿನತ್ತ ಬಗ್ಗಿದರು. “ಮೂರು ತಿಂಗಳಿಂದ ಇಮೇಲಿಗೆ ಹೋಗ್ತಿದೆಯಲ್ಲಮ್ಮ. ಮೂರನ್ನೂ ನೀವು ತೆಗೆದು ಓದಿದ್ದೀರಿ ಅಂತ ಇಲ್ಲಿ ತೋರಿಸ್ತಿದೆ.”

“ನಂಗೆ ಓದಕ್ಕೇ ಬರಲ್ಲ ಸಾರ್.”

ಯಾವ ಇಮೇಲು ಎಂದು ಗುಮಾಸ್ತರು ನೋಡಿದರು. ಅದು ಅವರದೇ. ಇನ್ನು ಕಾಗದದ ಬಿಲ್ಲು ಬೇಡ, ಎಲ್ಲ ಗ್ರಾಹಕರ ಇಮೇಲೂ ವಾರದೊಳಗೆ ಬೇಕು ಎಂದು ಮೇಲಿನಿಂದ ಆದೇಶ ಬಂದಾಗ, ಇಮೇಲೇ ಇಲ್ಲದ ನಾನೂರ ಹನ್ನೆರಡು ಮಂದಿಗೆ ಈ ಪುಣ್ಯಾತ್ಮರು ತಮ್ಮದನ್ನೇ ದಾನ ಮಾಡಿಬಿಟ್ಟಿದ್ದರು. ತಿಂಗಳಿಗೊಮ್ಮೆ ಅಷ್ಟೂ ಬಿಲ್ಲು ಅವರ ಫೋನಿಗೆ ಬಂದು ಬೀಳುತ್ತಿದ್ದವು. ಊಟವಾದ ಮೇಲೆ ಕೂತು ಒಂದೊಂದನ್ನೇ ತೆರೆದು ಅಳಿಸುತ್ತಿದ್ದರು. ಹಾಗಾಗಿ ಇ-ಬಿಲ್ಲಿನಲ್ಲಿ ಅವರ ಶಾಖೆಗೆ ನೂರಕ್ಕೆ ನೂರು. ಬಡ್ತಿಯ ಆದೇಶ ಇವತ್ತು ಸಂಜೆ ಕೈಗೆ ಬರುವುದಿತ್ತು.

“ದುಡ್ಡು ಕಟ್ಟಿದ್ರೂ ಫ್ಯೂಸ್ ಹಾಕೋಕೆ ಎರಡು ದಿನ ಬೇಕಂತೆ. ತಪ್ಪು ಕಂಪನಿದು ಅಂತ ದೂರು ಕೊಟ್ರೆ ಇವತ್ತೇ ಬರ್ತಾರಂತೆ. ಬರ್ಕೊಳ್ಳಿ ಸಾರ್.”

ಹಿಂದೆ ನಿಂತ ಸಾಲಿನವರೆಲ್ಲ ಕಿವಿ ನೆಟ್ಟಗೆ ಮಾಡಿಕೊಂಡಿದ್ದರು. ವಿಧಿಯಿಲ್ಲದೆ ಗುಮಾಸ್ತರು ದೂರು ಟೈಪು ಮಾಡಿ ಕಳಿಸಿದರು. ಮರುಕ್ಷಣವೇ ಅವರ ಜೇಬಿನಲ್ಲಿ ಟಿಂಗ್ ಎಂದಿತು.

“ಮನೆಯಿಂದಿರಬೇಕು, ನೋಡಿ ಸಾರ್. ನಾನು ಕಾಯ್ತೀನಿ,” ಎಂದಳು ಪಾಪ, ಅವಳು.

‘ಮಾನ್ಯ ಗ್ರಾಹಕರೇ, ನಿಮ್ಮ ದೂರು ತಲುಪಿದೆ. ತನಿಖೆ ನಡೆಸೋಣವೇ, ಹಿಂದಕ್ಕೆ ಪಡೆಯುತ್ತೀರಾ?’

ಗುಮಾಸ್ತರಿಗೆ ನಾಚಿಕೆಯೂ ಆಯಿತು, ಹೆದರಿಕೆಯೂ ಆಯಿತು. ಹೆದರಿಕೆ ಒಂದು ಕೈ ಮೇಲಾಯಿತು. ‘ಹಿಂದಕ್ಕೆ’ ಎಂಬುದನ್ನು ಒತ್ತಿದರು.

“ಸಂಜೆಯೊಳಗೆ ಕರೆಂಟ್ ಬರುತ್ತಾ ಸಾರ್?”

“ನಿಮ್ಮ ದೂರು ಈಗಲೇ ಇತ್ಯರ್ಥ ಆಯ್ತಲ್ಲಮ್ಮ. ಹೋಗ್ಬನ್ನಿ.”

“ನಿಮ್ಮ ಹೊಟ್ಟೆ ತಣ್ಣಗಿರಲಿ,” ಎಂದು ಅವಳು ಮೆಟ್ಟಿಲಿಳಿದು ಹೋದಳು.

ಫೋನು ಮತ್ತೆ ಟಿಂಗ್ ಎಂದಿತು. ‘ಮಾನ್ಯ ಗ್ರಾಹಕರೇ, ನಮ್ಮ ಸೇವೆಗೆ ಎಷ್ಟು ನಕ್ಷತ್ರ ಕೊಡುತ್ತೀರಿ?’

ಗುಮಾಸ್ತರು ಸ್ವಲ್ಪ ಹೊತ್ತು ಯೋಚಿಸಿದರು. ಐದಕ್ಕೆ ಐದೂ ಕೊಟ್ಟರೆ ಯಾರಿಗಾದರೂ ಅನುಮಾನ ಬಂದೀತೆಂದು ನಾಲ್ಕು ಕೊಟ್ಟರು.